ಗಡಿ ದಾಟಿದರೆ ಅಗ್ಗ: ಪೋಳೆಂ ಪೆಟ್ರೋಲಿನ ಲೆಕ್ಕಾಚಾರ

ಕಾರವಾರದಿಂದ ಉತ್ತರಕ್ಕೆ ಕಾಳಿ ನದಿಯನ್ನು ದಾಟಿ, ಸದಾಶಿವಗಡ, ಮಾಜಾಳಿಗಳನ್ನು ಹಿಂದಿಕ್ಕಿ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ಗೋವಾವನ್ನು ಪ್ರವೇಶಿಸುತ್ತದೆ. ಆ ಕಡೆಯ ಮೊದಲ ಊರು ಕಾಣಕೋಣ ತಾಲ್ಲೂಕಿನ ಪೋಳೆಂ. ಗಡಿಯಲ್ಲಿ ಮಣ್ಣಿನ ಬಣ್ಣ ಬದಲಾಗುವುದಿಲ್ಲ, ಜನರಾಡುವ ಕೊಂಕಣಿಯ ಧಾಟಿಯೂ ಅಷ್ಟಾಗಿ ಬದಲಾಗುವುದಿಲ್ಲ. ಎದ್ದು ಕಾಣುವಂತೆ ಬದಲಾಗುವುದು ಎರಡೇ: ಮದ್ಯದ ಬೆಲೆ ಮತ್ತು ಪೆಟ್ರೋಲಿನ ಬೆಲೆ. ಮೊದಲನೆಯದನ್ನು ಮಾಜಾಳಿಯ ತಪಾಸಣಾ ಠಾಣೆಯಲ್ಲಿ ಅಬಕಾರಿ ಇಲಾಖೆ ಹಗಲಿರುಳು ಕಾಯುತ್ತದೆ. ಎರಡನೆಯದನ್ನು ಕಾಯುವವರಿಲ್ಲ. ವಾಹನದ ಟ್ಯಾಂಕಿನೊಳಗೆ ಗಡಿ ದಾಟಿ ಬರುವ ಪೆಟ್ರೋಲನ್ನು ಅಳೆಯುವ ಅಧಿಕಾರಿ ಎಲ್ಲೂ ಇಲ್ಲ, ಇರುವುದು ಸಾಧ್ಯವೂ ಇಲ್ಲ.

ಗೋವಾ ಪ್ರವಾಸಕ್ಕೆ ಹೊರಡುವ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಕುಟುಂಬಗಳಿಗೆ ಇದು ಗೊತ್ತಿರುವ ಸಂಗತಿಯೇ. ಹೋಗುವಾಗ ಗಡಿ ಮುಟ್ಟುವಷ್ಟು ಮಾತ್ರ ಹಾಕಿಸಿಕೊಂಡು, ಬರುವಾಗ ಗಡಿಯ ಈಚೆಗೆ ಕಾಲಿಡುವ ಮುನ್ನ ಟ್ಯಾಂಕ್ ತುಂಬಿಸಿಕೊಳ್ಳುವುದು ಬಾಡಿಗೆ ಕಾರಿನ ಚಾಲಕರೆಲ್ಲರೂ ಪಾಲಿಸುವ ನೇಮ. ಪ್ರವಾಸಿಗರ ಪಾಲಿಗೆ ಇದೊಂದು ಸಣ್ಣ ಜಾಣತನ. ಆದರೆ ಗಡಿಯ ಈಚೆ ಬದುಕುವ ಕರಾವಳಿಯ ಜನರಿಗೆ ಇದು ನಿತ್ಯದ ಪ್ರಶ್ನೆ. ಒಂದೇ ಸಮುದ್ರದ ಅಂಚಿನಲ್ಲಿ, ಒಂದೇ ಹೆದ್ದಾರಿಯ ಮೇಲೆ ನಿಂತ ಎರಡು ಬಂಕುಗಳ ನಡುವೆ ಲೀಟರಿಗೆ ಏಳೆಂಟು ರೂಪಾಯಿಯ ಅಂತರ ಏಕಿರಬೇಕು? ಆ ಅಂತರದ ಲಾಭ ನಿಜವಾಗಿ ಯಾರ ಕಿಸೆ ಸೇರುತ್ತಿದೆ?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. 2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಆಗ ಬೆಂಗಳೂರಿನಲ್ಲಿ ಲೀಟರಿನ ಬೆಲೆ 102 ರೂಪಾಯಿ 86 ಪೈಸೆಗೆ ಮುಟ್ಟಿತು. ಇದರಿಂದ ರಾಜ್ಯದ ತೆರಿಗೆಯನ್ನು ಕಳೆದರೆ ಉಳಿಯುವುದು 79 ರೂಪಾಯಿ ಚಿಲ್ಲರೆ. ಒಂದು ವಾರದ ಬಳಿಕ ಗೋವಾ ಕೂಡ ತನ್ನ ತೆರಿಗೆಯನ್ನು ಏರಿಸಿ ಶೇ 21.5 ಮಾಡಿತು, ಅಲ್ಲಿನ ಬೆಲೆ 96 ರೂಪಾಯಿಯ ಆಸುಪಾಸಿಗೆ ಬಂತು. ಅದರಿಂದ ಗೋವಾದ ತೆರಿಗೆಯನ್ನು ಕಳೆಯಿರಿ, ಉಳಿಯುವುದು ಮತ್ತದೇ 79 ರೂಪಾಯಿ. ತೈಲ ಕಂಪನಿಯ ಬೆಲೆ, ಕೇಂದ್ರದ ಎಕ್ಸೈಸ್ ಸುಂಕ, ಬಂಕ್ ಮಾಲೀಕರ ಕಮಿಷನ್ ಎಲ್ಲವೂ ಆ 79 ರೂಪಾಯಿಯೊಳಗೆ ಅಡಗಿವೆ. ಗಡಿಯ ಎರಡೂ ಬದಿಗೆ ಎಣ್ಣೆ ಒಂದೇ, ಅದರಲ್ಲಿ ಬೆರೆತ ಎಥೆನಾಲ್ ಕೂಡ ಒಂದೇ. ವ್ಯತ್ಯಾಸವೆಲ್ಲ ಬೆಂಗಳೂರು ಮತ್ತು ಪಣಜಿಯ ಆಯವ್ಯಯ ಪತ್ರಗಳಲ್ಲಿದೆ. ಕಾರವಾರಕ್ಕೆ ಡಿಪೊದಿಂದ ಸಾಗಿಸುವ ವೆಚ್ಚ ಸೇರಿ ಇನ್ನಷ್ಟು ಪೈಸೆಗಳು ಕೂಡಿಕೊಳ್ಳುತ್ತವೆ, ಅಷ್ಟೆ.

ಇಲ್ಲೊಂದು ವಿಪರ್ಯಾಸವಿದೆ. ತೈಲದ ವಿಷಯದಲ್ಲಿ ಕರ್ನಾಟಕದ ಕರಾವಳಿ ದೇಶಕ್ಕೆ ಕೊಟ್ಟಷ್ಟನ್ನು ಗೋವಾ ಕೊಟ್ಟಿಲ್ಲ. ಸುರತ್ಕಲ್ ಸಮೀಪದ ಮಂಗಳೂರು ತೈಲ ಶುದ್ಧೀಕರಣಾಗಾರ ವರ್ಷಕ್ಕೆ 150 ಲಕ್ಷ ಟನ್ ಕಚ್ಚಾ ತೈಲವನ್ನು ಸಂಸ್ಕರಿಸಬಲ್ಲುದು. ಯುದ್ಧವೋ ಅಭಾವವೋ ಬಂದಾಗ ದೇಶಕ್ಕೆ ಒದಗಲೆಂದು ಭೂಗರ್ಭದಲ್ಲಿ ಕೊರೆದ ತೈಲ ಸಂಗ್ರಹಾಗಾರಗಳಲ್ಲಿ 25 ಲಕ್ಷ ಟನ್ನಿನದು ಉಡುಪಿ ಜಿಲ್ಲೆಯ ಪಾದೂರಿನಲ್ಲಿದೆ, 15 ಲಕ್ಷ ಟನ್ನಿನದು ಮಂಗಳೂರಿನಲ್ಲಿದೆ. ಇವುಗಳಿಗಾಗಿ ನೆಲ ಬಿಟ್ಟವರು, ಕೊಳವೆ ಮಾರ್ಗ ಹಾಯಲು ಗದ್ದೆ ಕೊಟ್ಟವರು ಈ ಕರಾವಳಿಯವರು. ಗೋವಾದಲ್ಲಿ ಒಂದೇ ಒಂದು ಶುದ್ಧೀಕರಣಾಗಾರವೂ ಇಲ್ಲ. ಆದರೂ ಸುರತ್ಕಲ್ಲಿನ ಕಾರ್ಖಾನೆಯ ಹೊಗೆ ನೋಡುತ್ತ ಬದುಕುವವನು ಪಾಲೊಳೆಂ ಕಡಲತೀರದಲ್ಲಿ ವಿಹರಿಸುವವನಿಗಿಂತ ಹೆಚ್ಚು ಬೆಲೆ ತೆರುತ್ತಾನೆ. ಕೇರಳದ್ದೂ ಇದೇ ಕಥೆ. ಕೊಚ್ಚಿಯ ಅಂಬಲಮುಗಲ್‌ನಲ್ಲಿ ಅಷ್ಟೇ ದೊಡ್ಡ ಶುದ್ಧೀಕರಣಾಗಾರವಿದ್ದರೂ ಅಲ್ಲಿನ ದರ ನಮ್ಮದಕ್ಕಿಂತ ದುಬಾರಿ. ಕಾರಣ ಇಷ್ಟೆ: ಶುದ್ಧೀಕರಣಾಗಾರದ ಬಾಗಿಲಿನಲ್ಲಿಯೇ ಎಣ್ಣೆಗೆ ಕಟ್ಟುವ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯನ್ನು ಅನುಸರಿಸಿದ್ದು. ಹಿತ್ತಲಿನಲ್ಲಿ ಬೆಳೆದ ತೆಂಗಿನಕಾಯಿಯನ್ನು ಪೇಟೆಯ ಬೆಲೆಗೇ ಕೊಂಡಂತೆ ಇದು.

ಗೋವಾ ಪೆಟ್ರೋಲಿನ ಅಗ್ಗಕ್ಕೆ ಒಂದು ಇತಿಹಾಸವಿದೆ. 2012ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಅಲ್ಲಿ ಪೆಟ್ರೋಲಿನ ತೆರಿಗೆಯನ್ನು ತೆಗೆದುಹಾಕುವ ಭರವಸೆ ನೀಡಿತ್ತು. ಗೆದ್ದು ಮುಖ್ಯಮಂತ್ರಿಯಾದ ಮನೋಹರ ಪರ್‍ರೀಕರ್ ಏಪ್ರಿಲ್ ಹೊತ್ತಿಗೆ ಮೌಲ್ಯವರ್ಧಿತ ತೆರಿಗೆಯನ್ನು ಶೇ 20ರಿಂದ ಕೇವಲ ಶೇ 0.1ಕ್ಕೆ ಇಳಿಸಿಯೇಬಿಟ್ಟರು. ಲೀಟರಿಗೆ ಸುಮಾರು 11 ರೂಪಾಯಿ ಇಳಿದು ಬೆಲೆ 55 ರೂಪಾಯಿಯ ಆಸುಪಾಸಿಗೆ ಬಂತು. ಕರ್ನಾಟಕಕ್ಕೂ ಗೋವಾಕ್ಕೂ ಅಂತರ ಹದಿನೈದು ರೂಪಾಯಿಯನ್ನು ಮೀರಿತು. ದೇಶದ ಬೇರೆ ರಾಜ್ಯಗಳ ಹಣಕಾಸು ಮಂತ್ರಿಗಳು ಮೂಗಿನ ಮೇಲೆ ಬೆರಳಿಟ್ಟುಕೊಂಡರೆ, ಕಾರವಾರದ ವಾಹನಗಳು ಪೋಳೆಂನತ್ತ ಮುಖ ಮಾಡಿದವು. ಗಡಿಯ ಈಚೆಗಿನ ಬಂಕುಗಳು ನೊಣ ಹೊಡೆಯುವ ಸ್ಥಿತಿಗೆ ಬಂದವೆಂಬ ದೂರು ಆಗಿನದು.

ಆ ನಿರ್ಧಾರದ ಹಿಂದಿನ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ಅದರ ಮುಂದಿನ ಕಥೆಯನ್ನೂ ಹೇಳಬೇಕಾಗುತ್ತದೆ. ಗೋವಾದ ಬೊಕ್ಕಸಕ್ಕೆ ಆಗ ಕಬ್ಬಿಣದ ಅದಿರು ದೊಡ್ಡ ಆಸರೆಯಾಗಿತ್ತು. ನ್ಯಾಯಮೂರ್ತಿ ಎಂ.ಬಿ. ಶಾ ಆಯೋಗದ ವರದಿ ಬಂದ ಬೆನ್ನಿಗೆ 2012ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವೇ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. ತಡೆ ತೆರವಾದದ್ದು 2014ರ ಏಪ್ರಿಲ್‌ನಲ್ಲಿ. 2018ರಲ್ಲಿ ನ್ಯಾಯಾಲಯವು 88 ಗುತ್ತಿಗೆಗಳನ್ನು ರದ್ದುಪಡಿಸಿದಾಗ ಗಣಿಗಳು ಮತ್ತೆ ನಿಂತವು. ಈ ಅವಧಿಯುದ್ದಕ್ಕೂ ಪೆಟ್ರೋಲಿನ ತೆರಿಗೆ ಸದ್ದಿಲ್ಲದೆ, ಕಂತುಕಂತಾಗಿ ಹಿಂದಿರುಗಿತು. ಶೇ 0.1ರಿಂದ ಹೊರಟದ್ದು ಇಂದು ಶೇ 20ನ್ನು ದಾಟಿದೆ. ಅಂದರೆ ಗೋವಾ ತಾನು ಹೊರಟಲ್ಲಿಗೇ ಮರಳಿ, ಅದಕ್ಕಿಂತ ಒಂದು ಹೆಜ್ಜೆ ಮುಂದೆಯೂ ಹೋಗಿದೆ. ಇಂದು ಅಲ್ಲಿನ ಪೆಟ್ರೋಲು ಅಗ್ಗವೆನಿಸುವುದಕ್ಕೆ ಗೋವಾದ ಔದಾರ್ಯಕ್ಕಿಂತ ಹೆಚ್ಚಾಗಿ ಕರ್ನಾಟಕದ ಏರಿಕೆಯೇ ಕಾರಣ.

ಇನ್ನು ಎರಡನೆಯ ಪ್ರಶ್ನೆ. ಈ ಅಂತರದಿಂದ ಯಾರಿಗೆ ಎಷ್ಟು ಲಾಭ? ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದರೆ ಅನೇಕ ಭ್ರಮೆಗಳು ಕಳಚಿ ಬೀಳುತ್ತವೆ.

ಕಾರವಾರದ ಪೇಟೆಯಲ್ಲಿರುವ ಸ್ಕೂಟರ್ ಸವಾರನೊಬ್ಬ ಅಗ್ಗದ ಪೆಟ್ರೋಲಿಗಾಗಿಯೇ ಪೋಳೆಂಗೆ ಹೋಗಿ ಬಂದನೆನ್ನೋಣ. ಮೂವತ್ತು ಕಿಲೋಮೀಟರ್ ಪ್ರಯಾಣ. ಲೀಟರಿಗೆ 45 ಕಿಲೋಮೀಟರ್ ಓಡಿದರೂ ಮುಕ್ಕಾಲು ಲೀಟರಿನ ಹತ್ತಿರ ಸುಟ್ಟುಹೋಯಿತು. ಬೆಲೆ 65ರಿಂದ 70 ರೂಪಾಯಿ. ಐದು ಲೀಟರ್ ತುಂಬಿಸಿದ್ದರಿಂದ ಉಳಿದದ್ದು 35 ರೂಪಾಯಿ. ಮನೆಗೆ ಮರಳುವಷ್ಟರಲ್ಲಿ ಆತ ಮೂವತ್ತು ರೂಪಾಯಿ ಕಳೆದುಕೊಂಡಿದ್ದಾನೆ, ಜೊತೆಗೆ ಒಂದು ಗಂಟೆಯನ್ನೂ. ಕಾರಿನವನು ಹೋದರೆ ಸುಮಾರು 200 ರೂಪಾಯಿಯ ಎಣ್ಣೆ ಸುಟ್ಟು, 40 ಲೀಟರಿನ ಮೇಲೆ 280 ರೂಪಾಯಿ ಉಳಿಸಬಹುದು. ನಿವ್ವಳ ಲಾಭ 80 ರೂಪಾಯಿ. ದಾರಿಯಲ್ಲಿ ಒಂದು ಚಹಾ, ಒಂದು ತಿಂಡಿಯಾದರೆ ಅದೂ ಇಲ್ಲ. 2012ರಲ್ಲಿ ಸ್ಥಿತಿ ಬೇರೆಯಿತ್ತು. ಅಂದಿನ ಹದಿನೈದು ರೂಪಾಯಿಯ ಅಂತರದಲ್ಲಿ ಸ್ಕೂಟರ್‌ನವನಿಗೂ ಹೋಗಿ ಬಂದದ್ದು ದಕ್ಕುತ್ತಿತ್ತು. ಸರದಿ ಸಾಲು ಬೆಳೆದದ್ದು ಅದಕ್ಕಾಗಿಯೇ. ಇಂದಿನ ಅಂತರದಲ್ಲಿ ಅಗ್ಗದ ಪೆಟ್ರೋಲನ್ನು ಅರಸಿ ಹೋಗುವುದು ಬಹುಪಾಲು ಜನರಿಗೆ ನಷ್ಟದ ಬಾಬತ್ತು.

ಹೇಗೂ ಗಡಿ ದಾಟಲೇಬೇಕಾದವರಿಗೆ ಮಾತ್ರ ಈ ಅಂತರ ಪೂರ್ತಿಯಾಗಿ ದಕ್ಕುತ್ತದೆ. ಅಂಥವರಲ್ಲಿ ಎರಡು ವರ್ಗ. ಕಾರವಾರ ಮತ್ತು ಮಾಜಾಳಿಯ ಕಡೆಯಿಂದ ಗೋವಾದ ಕಾರ್ಖಾನೆ, ಹೋಟೆಲು, ಕಟ್ಟಡ ಕೆಲಸಗಳಿಗೆ ದಿನವೂ ಬೈಕಿನಲ್ಲಿ ಹೋಗಿಬರುವ ದುಡಿಮೆಗಾರರು ಒಂದು ವರ್ಗ. ದಿನಕ್ಕೆ ಒಂದು ಲೀಟರ್ ಸುಡುವವನಿಗೆ ತಿಂಗಳಿಗೆ 175 ರೂಪಾಯಿ ಉಳಿಯಬಹುದು. ಇನ್ನೊಂದು ವರ್ಗ ಪ್ರವಾಸಿಗರದು. 40 ಲೀಟರಿನ ಕಾರು ಹಿಂದಿರುಗುವ ದಾರಿಯಲ್ಲಿ ಹತ್ತು ನಿಮಿಷ ನಿಂತರೆ ದುಡಿಮೆಗಾರನ ತಿಂಗಳ ಉಳಿತಾಯವನ್ನು ಮೀರಿ 280 ರೂಪಾಯಿ ಉಳಿಸುತ್ತದೆ. ಟ್ಯಾಂಕ್ ದೊಡ್ಡದಾದಷ್ಟೂ ಲಾಭ ದೊಡ್ಡದು. ಗೋವಾದ ಜನಸಂಖ್ಯೆ 2011ರ ಜನಗಣತಿಯಂತೆ ಹದಿನೈದು ಲಕ್ಷಕ್ಕೂ ಕಡಿಮೆ. ಅಲ್ಲಿಗೆ 2024ರಲ್ಲಿ ಬಂದ ಪ್ರವಾಸಿಗರು ಅಲ್ಲಿನ ಸರ್ಕಾರದ ಲೆಕ್ಕದಲ್ಲಿಯೇ ಒಂದು ಕೋಟಿಯ ಆಸುಪಾಸು. ತೆರಿಗೆ ಕಡಿಮೆ ಮಾಡಿದ ಪುಣ್ಯದಲ್ಲಿ ವಿಹಾರಕ್ಕೆ ಬಂದವನ ಪಾಲು ಸಣ್ಣದಲ್ಲ.

ಹಾಗಾದರೆ ಗೋವಾಕ್ಕೆ ಇದರಿಂದ ನಷ್ಟವೇ? ಇಲ್ಲಿಯೇ ಒಂದು ಸೂಕ್ಷ್ಮವಿದೆ. ಚಿಕ್ಕ ರಾಜ್ಯವೊಂದು ತೆರಿಗೆಯನ್ನು ತುಸು ಇಳಿಸಿದರೆ ನೆರೆಯ ದೊಡ್ಡ ರಾಜ್ಯದ ಗಿರಾಕಿಗಳು ಒಳಗೆ ಬರುತ್ತಾರೆ. ಲೀಟರಿಗೆ ಕಳೆದುಕೊಂಡದ್ದರಲ್ಲಿ ಒಂದಷ್ಟು ಹೆಚ್ಚಿದ ಮಾರಾಟದಲ್ಲಿ ಹಿಂದಕ್ಕೆ ಬರುತ್ತದೆ. ದೊಡ್ಡ ರಾಜ್ಯಕ್ಕೆ ಈ ಆಟ ಆಡಲು ಬರುವುದಿಲ್ಲ. ಕಾರವಾರದ ಕೆಲವು ಬಂಕುಗಳನ್ನು ಉಳಿಸಲು ಬೀದರ್‌ನಿಂದ ಚಾಮರಾಜನಗರದವರೆಗೆ ತೆರಿಗೆ ಇಳಿಸಿದರೆ ಬೊಕ್ಕಸಕ್ಕೆ ಬೀಳುವ ಕನ್ನ ಗಳಿಕೆಯ ಹಲವು ಪಟ್ಟು. ಯುರೋಪಿನ ಲಕ್ಸೆಂಬರ್ಗ್ ಎಂಬ ಪುಟ್ಟ ದೇಶ ದಶಕಗಳ ಕಾಲ ಬದುಕಿದ್ದು ಈ ಲೆಕ್ಕದ ಮೇಲೆಯೇ. ಅಲ್ಲಿ ಮಾರಾಟವಾಗುತ್ತಿದ್ದ ಇಂಧನದ ಬಹುಪಾಲು ಜರ್ಮನಿ, ಫ್ರಾನ್ಸ್, ಬೆಲ್ಜಿಯಂ ಕಡೆಯ ವಾಹನಗಳ ಟ್ಯಾಂಕಿಗೆ ಹೋಗುತ್ತಿತ್ತು.

ಅಷ್ಟು ದೂರವೇಕೆ, ನಮ್ಮ ಪಶ್ಚಿಮ ಕರಾವಳಿಯಲ್ಲಿಯೇ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. ಕಣ್ಣೂರು ಮತ್ತು ಕೋಯಿಕ್ಕೋಡ್ ಜಿಲ್ಲೆಗಳ ನಡುವೆ ಸಿಕ್ಕಿಕೊಂಡಿರುವ ಮಾಹೆ ಸುಮಾರು ಒಂಬತ್ತು ಚದರ ಕಿಲೋಮೀಟರಿನ ತುಂಡು ನೆಲ. 1954ರವರೆಗೆ ಫ್ರೆಂಚರ ಕೈಯಲ್ಲಿದ್ದು ಇಂದು ಪುದುಚೇರಿಗೆ ಸೇರಿದೆ. ನಾಲ್ಕು ಹೆಜ್ಜೆ ನಡೆದರೆ ಮುಗಿಯುವ ಆ ಊರಿನಲ್ಲಿ ಬಂಕುಗಳ ಸಾಲೇ ಇದೆ. 2025ರ ಜನವರಿಯಿಂದ ಪುದುಚೇರಿ ತನ್ನ ತೆರಿಗೆಯನ್ನು ಏರಿಸಿದ ಮೇಲೂ ಅಲ್ಲಿನ ಪೆಟ್ರೋಲು ಕೇರಳದ್ದಕ್ಕಿಂತ ಹತ್ತು ರೂಪಾಯಿಗೂ ಮಿಕ್ಕಿ ಅಗ್ಗವಾಗಿತ್ತು. ಕೇರಳವೋ 2023ರ ಏಪ್ರಿಲ್‌ನಿಂದ ಸಾಮಾಜಿಕ ಭದ್ರತೆಯ ಹೆಸರಿನಲ್ಲಿ ಲೀಟರಿಗೆ ಎರಡು ರೂಪಾಯಿ ಸೆಸ್ ವಿಧಿಸಿದ ರಾಜ್ಯ. ಪರಿಣಾಮವಾಗಿ ಕಾಸರಗೋಡಿನವರು ಮಾಹೆಯ ಕಡೆಗೆ ಹೋಗದಿದ್ದರೂ ತಲಪಾಡಿ ದಾಟಿ ನಮ್ಮ ಕಡೆಗೆ ಬರುತ್ತಾರೆ. ಕಾರವಾರದಲ್ಲಿ ಗಿರಾಕಿಯನ್ನು ಕಳೆದುಕೊಳ್ಳುವ ಕರ್ನಾಟಕ ಮುನ್ನೂರು ಕಿಲೋಮೀಟರ್ ದಕ್ಷಿಣದಲ್ಲಿ ಗಿರಾಕಿಯನ್ನು ಗಳಿಸುತ್ತದೆ. ಉತ್ತರದಲ್ಲಿ ನಾವು ದುಬಾರಿ, ದಕ್ಷಿಣದಲ್ಲಿ ನಾವೇ ಅಗ್ಗ. ನಮ್ಮ ಬಂಕ್ ಮಾಲೀಕರು ಒಂದೇ ಸರ್ಕಾರವನ್ನು ಒಂದು ಗಡಿಯಲ್ಲಿ ಶಪಿಸುವುದನ್ನೂ ಇನ್ನೊಂದು ಗಡಿಯಲ್ಲಿ ಮೌನವಾಗಿ ಹರಸುವುದನ್ನೂ ನೋಡಬಹುದು.

ಡೀಸೆಲ್ಲಿನದು ಬೇರೆಯದೇ ಕಥೆ. 2024ರ ಜೂನ್‌ವರೆಗೆ ಕರ್ನಾಟಕದ ಡೀಸೆಲ್ ಗೋವಾಕ್ಕಿಂತ ಅಗ್ಗವಾಗಿತ್ತು. ಬೆಂಗಳೂರಿನಲ್ಲಿ 86 ರೂಪಾಯಿಗೆ ಸಿಗುತ್ತಿದ್ದಾಗ ಗೋವಾದಲ್ಲಿ ಅದಕ್ಕಿಂತ ಒಂದೂವರೆ, ಎರಡು ರೂಪಾಯಿ ಹೆಚ್ಚಿತ್ತು. ಸರಕು ಲಾರಿಗಳು ಗಡಿಯ ಈಚೆಯೇ ತುಂಬಿಸಿಕೊಳ್ಳುವುದು ಸಹಜವಾಗಿತ್ತು. ಪೆಟ್ರೋಲಿನಲ್ಲಿ ಹೋದದ್ದನ್ನು ನಮ್ಮ ಬಂಕುಗಳು ಡೀಸೆಲ್ಲಿನಲ್ಲಿ ಗಳಿಸುತ್ತಿದ್ದವು. ಆ ಜೂನ್‌ನಲ್ಲಿ ಡೀಸೆಲ್ ತೆರಿಗೆ ಶೇ 18.4ಕ್ಕೆ ಏರಿತು, 2025ರ ಏಪ್ರಿಲ್ 1ರಂದು ಶೇ 21.17ಕ್ಕೆ. ಬೆಂಗಳೂರಿನ ದರ 91 ರೂಪಾಯಿ ಮುಟ್ಟಿತು. ಹೀಗೆ ಹತ್ತು ತಿಂಗಳಲ್ಲಿ ಲೀಟರಿಗೆ ಐದು ರೂಪಾಯಿ ಕೂಡಿಕೊಂಡು, ಉತ್ತರ ಗಡಿಯಲ್ಲಿ ನಮಗಿದ್ದ ಒಂದೇ ಅನುಕೂಲವೂ ಕೈಬಿಟ್ಟಿತು.

ನೆರೆಯ ಬಹುತೇಕ ರಾಜ್ಯಗಳಿಗಿಂತ ನಮ್ಮ ತೆರಿಗೆ ಇನ್ನೂ ಕಡಿಮೆಯೆಂಬುದು ಸರ್ಕಾರದ ಸಮರ್ಥನೆ. ಕೇರಳ, ಆಂಧ್ರ, ತೆಲಂಗಾಣಗಳೊಂದಿಗೆ ಹೋಲಿಸಿದಾಗ ಅದು ಸುಳ್ಳೇನಲ್ಲ. ಗ್ಯಾರಂಟಿ ಯೋಜನೆಗಳಿಗೆ ಹಣ ಎಲ್ಲಿಂದಲಾದರೂ ಬರಲೇಬೇಕೆಂಬ ವಾದವನ್ನೂ ಒಪ್ಪೋಣ. ಆದರೆ ಕರಾವಳಿಯ ಮಟ್ಟಿಗೆ ಈ ಕೊಡುಕೊಳ್ಳುವಿಕೆ ಸಮನಾಗಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದು ಸರ್ಕಾರಿ ಸಾರಿಗೆ ಬಸ್ಸುಗಳಲ್ಲಿ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ಓಡುತ್ತಿರುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಕಾರ್ಕಳದ ಹಳ್ಳಿಯಿಂದ ಉಡುಪಿಗೆ ಬರುವ ಹೆಣ್ಣುಮಗಳು ಡೀಸೆಲ್ಲಿನ ಏರಿದ ತೆರಿಗೆಯನ್ನು ಟಿಕೆಟಿನಲ್ಲಿ ಕೊಡುತ್ತಾಳೆ. ಅದರ ಪ್ರತಿಫಲವಾಗಿ ಬರಬೇಕಾದ ಉಚಿತ ಆಸನ ಅವಳ ದಾರಿಯಲ್ಲಿ ಬರುವುದೇ ಇಲ್ಲ. ಇಂಥ ಅಸಮತೋಲನ ತೆರಿಗೆಯ ಶೇಕಡಾವಾರು ಕೋಷ್ಟಕಗಳಲ್ಲಿ ಕಾಣುವಂಥದಲ್ಲ.

ಉತ್ತರ ಕನ್ನಡದ ಮಾತು ಇನ್ನೂ ಕಠಿಣ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದ್ದರೂ ಹೃದಯ, ಮಿದುಳು, ದೊಡ್ಡ ಅಪಘಾತದ ಪ್ರಕರಣಗಳು ಗೋವಾದ ಬಾಂಬೋಳಿಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಧಾವಿಸಬೇಕಾಗುತ್ತದೆ. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯ ಜನ 2022ರಲ್ಲಿ ನಡೆಸಿದ ಆಂದೋಲನ ನೆನಪಿರಬಹುದು. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ 2018ರ ಜನವರಿಯಿಂದ ಹೊರರಾಜ್ಯದ ರೋಗಿಗಳು ಶುಲ್ಕ ತೆರಬೇಕಾಗಿದೆ. ಹೀಗಿರುವಾಗ ಈ ಜಿಲ್ಲೆಯವರು ಸುಡುವ ಪೆಟ್ರೋಲು ಡೀಸೆಲ್ಲಿನಲ್ಲಿ ಒಂದು ಪಾಲು ವಿಹಾರದ್ದಲ್ಲ, ವ್ಯಾಪಾರದ್ದೂ ಅಲ್ಲ. ಹತ್ತಿರದಲ್ಲಿ ಇರಬೇಕಾದ ಸೌಕರ್ಯ ಇಲ್ಲದ್ದಕ್ಕೆ ತೆರುವ ದಂಡ. ಆ ದಂಡದ ಮೇಲೆ ಶೇ 29.84 ತೆರಿಗೆ ಬೇರೆ.

ಅಗ್ಗದ ಇಂಧನದ ಹುಡುಕಾಟಕ್ಕೆ ಇನ್ನೊಂದು ಮುಖವಿದೆ, ಅದು ಅಪಾಯದ್ದು. ಕಡಲತೀರದ ಪ್ರವಾಸಿ ತಾಣಗಳಲ್ಲಿ ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಪೆಟ್ರೋಲು ತುಂಬಿಟ್ಟು ಮಾರುವ ಗೂಡಂಗಡಿಗಳನ್ನು ಕಂಡವರು ಬಹಳ. ಬಾಡಿಗೆ ಸ್ಕೂಟರಿನ ಟ್ಯಾಂಕು ಬರಿದಾಗಿಯೇ ಕೈಗೆ ಬರುತ್ತದೆ, ಬಂಕು ದೂರದಲ್ಲಿರುತ್ತದೆ. ಪ್ರವಾಸಿಗ ಬಂಕಿನ ದರಕ್ಕಿಂತ ಹೆಚ್ಚು ಕೊಟ್ಟು ಬಾಟಲಿ ಕೊಳ್ಳುತ್ತಾನೆ. ಅಗ್ಗದ ಪೆಟ್ರೋಲಿನ ನಾಡಿನಲ್ಲಿಯೇ ಅತ್ಯಂತ ದುಬಾರಿ ಪೆಟ್ರೋಲು ಮಾರಾಟವಾಗುವ ಬಗೆ ಇದು. ಗಡಿಯಾಚೆಯಿಂದ ಕ್ಯಾನುಗಳಲ್ಲಿ ತುಂಬಿ ತರುವ ಆಸೆಯೂ ಕೆಲವರಿಗೆ ಇದೆ. 1934ರ ಪೆಟ್ರೋಲಿಯಂ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸ್ವಂತ ಬಳಕೆಗೆಂದು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಪೆಟ್ರೋಲಿನ ಮಿತಿ 30 ಲೀಟರ್. ಗಾಜಿನ ಪಾತ್ರೆಯಾದರೆ ಒಂದೊಂದರಲ್ಲಿ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮೀರಬಾರದು. ಅದರಲ್ಲಿ ಒಂದು ಹನಿಯನ್ನೂ ಮಾರುವಂತಿಲ್ಲ. ಬೇಸಿಗೆಯ ಮಧ್ಯಾಹ್ನ ಮುಚ್ಚಿದ ಕಾರಿನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕ್ಯಾನ್ ಇಟ್ಟು ಘಟ್ಟ ಹತ್ತುವವರು ಏಳು ರೂಪಾಯಿಗಾಗಿ ಏನನ್ನು ಪಣಕ್ಕಿಡುತ್ತಿದ್ದಾರೆಂಬುದನ್ನು ವಿವರಿಸಬೇಕಾಗಿಲ್ಲ. ಅಂದ ಹಾಗೆ, ಅಗ್ಗದ ದರವನ್ನು ನೋಡುವ ಮುನ್ನ ಅಳತೆಯನ್ನು ನೋಡುವುದು ಒಳ್ಳೆಯದು. ಪ್ರತಿ ಬಂಕಿನಲ್ಲೂ ಮುದ್ರೆಯೊತ್ತಿದ ಐದು ಲೀಟರಿನ ಅಳತೆ ಪಾತ್ರೆ ಇರಬೇಕು. ಕೇಳಿದರೆ ಅಳೆದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆಯಾದರೆ ದೂರು ಕೊಡುವ ಹಕ್ಕು ಗ್ರಾಹಕನದು.

ಇವೆಲ್ಲದರ ನಡುವೆ, ಗಡಿಯ ಆಚೆ ಈಚೆ ಓಡಾಡದೆಯೂ ಅಗ್ಗದ ಇಂಧನ ಪಡೆಯುವ ವರ್ಗವೊಂದು ಈ ಕರಾವಳಿಯಲ್ಲಿದೆ. ಅದು ಮೀನುಗಾರರದು. ಯಾಂತ್ರೀಕೃತ ದೋಣಿಗಳಿಗೆ ರಾಜ್ಯದ ತೆರಿಗೆಯಿಲ್ಲದ ಡೀಸೆಲ್ ನೀಡುವ ಪದ್ಧತಿ ಬಹಳ ಕಾಲದಿಂದ ಇದೆ. 2023ರ ಜುಲೈ ಆಯವ್ಯಯದಲ್ಲಿ ಅದರ ವಾರ್ಷಿಕ ಮಿತಿಯನ್ನು 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷ ಕಿಲೋಲೀಟರಿಗೆ ಹೆಚ್ಚಿಸುವುದಾಗಿ ಘೋಷಿಸಲಾಯಿತು. ಇದರ ಮಹತ್ವ ತಿಳಿಯಬೇಕಾದರೆ ಆಳಸಮುದ್ರದ ಟ್ರಾಲ್ ಬೋಟನ್ನು ನೋಡಬೇಕು. ಹತ್ತು ದಿನದ ಒಂದು ಪ್ರಯಾಣಕ್ಕೆ ಸಾವಿರಾರು ಲೀಟರ್ ಡೀಸೆಲ್ ಬೇಕು. 2025ರ ದರದಲ್ಲಿ ಲೀಟರಿಗೆ ಸುಮಾರು 16 ರೂಪಾಯಿ ರಾಜ್ಯದ ತೆರಿಗೆಯೆಂದರೆ, ಮೂರು ಸಾವಿರ ಲೀಟರಿಗೆ 48 ಸಾವಿರ ರೂಪಾಯಿ. ಬಲೆ ತುಂಬಿ ಬಂದರೂ ಖಾಲಿ ಬಂದರೂ ಡೀಸೆಲ್ ಉರಿದಿರುತ್ತದೆ. ಜೂನ್ ಮತ್ತು ಜುಲೈ ಪೂರ್ತಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಉಳಿದ ಹತ್ತು ತಿಂಗಳಲ್ಲಿ ಮತ್ಸ್ಯಕ್ಷಾಮದ ದಿನಗಳನ್ನು ಕಳೆದರೆ ದುಡಿಯಲು ಉಳಿಯುವುದು ಕಡಿಮೆಯೇ. ಆದರೆ ಕೇಂದ್ರದ ಎಕ್ಸೈಸ್ ಸುಂಕದಿಂದ ಅವರಿಗೆ ವಿನಾಯಿತಿಯಿಲ್ಲ. 2025ರ ಏಪ್ರಿಲ್ ಏರಿಕೆಯ ಬಳಿಕ ಡೀಸೆಲ್ ಮೇಲೆ ಅದು ಲೀಟರಿಗೆ 17 ರೂಪಾಯಿ 80 ಪೈಸೆಯಾಯಿತು. ಸಮುದ್ರದಲ್ಲಿ ಸುಡುವ ಎಣ್ಣೆಗೂ ರಸ್ತೆ ನಿರ್ಮಾಣದ ಹೆಸರಿನ ಸೆಸ್ ಸೇರಿಕೊಂಡಿದೆಯೆಂಬುದು ನಮ್ಮ ತೆರಿಗೆ ವ್ಯವಸ್ಥೆಯ ಒಂದು ಚೋದ್ಯ. ಇನ್ನು ಔಟ್‌ಬೋರ್ಡ್ ಎಂಜಿನ್ನಿನ ನಾಡದೋಣಿಗಳವರು ಸೀಮೆಎಣ್ಣೆಯನ್ನೇ ನಂಬಿದವರು. ರಿಯಾಯಿತಿ ಸೀಮೆಎಣ್ಣೆ ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತ ಬಂದು, ಪೆಟ್ರೋಲಿನ ಎಂಜಿನ್ನಿಗೆ ಬದಲಾಗಿ ಎಂಬ ಉಪದೇಶ ಅವರಿಗೆ ಸಿಗುತ್ತಿದೆ. ಬದಲಾದವರಿಗೆ ಯಾವ ದರದಲ್ಲಿ ಪೆಟ್ರೋಲು ಎಂಬುದನ್ನು ಉಪದೇಶಿಸುವವರು ಮೊದಲು ಹೇಳಬೇಕು.

ಮೀನುಗಾರರ ಡೀಸೆಲ್ಲಿನಲ್ಲಿ ಸೋರಿಕೆಯಿಲ್ಲ, ದುರುಪಯೋಗವಿಲ್ಲ ಎಂದು ಯಾರೂ ಪ್ರಮಾಣ ಮಾಡಲಾರರು. ಆದರೂ ತೆರಿಗೆ ಬಿಡುವುದೇ ಆದರೆ ಬಿಡಬೇಕಾದ ಬಗೆ ಇದು. ದೋಣಿಗೆ ನೋಂದಣಿಯಿದೆ, ಮಿತಿಯಿದೆ, ಲೆಕ್ಕವಿದೆ. ಪೋಳೆಂನ ಅಗ್ಗವಾದರೋ ಭೂಪಟದ ಗೆರೆ ಕೊಟ್ಟದ್ದು; ಅದಕ್ಕೆ ಅಗತ್ಯವೂ ಗೊತ್ತಿಲ್ಲ, ಪಾತ್ರನೂ ಗೊತ್ತಿಲ್ಲ. ಗಡಿ ತಾಲ್ಲೂಕುಗಳಿಗಷ್ಟೆ ತೆರಿಗೆ ಇಳಿಸಿ ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಅದನ್ನು ಒಪ್ಪುವುದು ಕಷ್ಟ. ಕಾರವಾರದಲ್ಲಿ ಇಳಿಸಿದರೆ ಅಂಕೋಲೆಯವರು ಕಾರವಾರಕ್ಕೆ ಹೊರಡುತ್ತಾರೆ. ಗಡಿ ಮೂವತ್ತು ಕಿಲೋಮೀಟರ್ ದಕ್ಷಿಣಕ್ಕೆ ಸರಿಯುತ್ತದೆಯೇ ಹೊರತು ಅಳಿಯುವುದಿಲ್ಲ.

ಜಿಎಸ್‌ಟಿ ವ್ಯಾಪ್ತಿಗೆ ತಂದರೆ ದೇಶಾದ್ಯಂತ ಒಂದೇ ತೆರಿಗೆಯಾಗಿ ಈ ಗೋಜಲೆಲ್ಲ ಬಗೆಹರಿಯುತ್ತದೆ ಎನ್ನುವವರಿದ್ದಾರೆ. ಸಂವಿಧಾನದ 279ಎ ವಿಧಿಯಲ್ಲಿ ಅದಕ್ಕೆ ಬಾಗಿಲು ತೆರೆದೇ ಇದೆ. ಯಾವ ದಿನಾಂಕದಿಂದ ಎಂಬುದನ್ನು ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿದರೆ ಸಾಕು. ಕೇರಳ ಹೈಕೋರ್ಟಿನ ಸೂಚನೆಯ ಮೇರೆಗೆ 2021ರ ಸೆಪ್ಟೆಂಬರ್ 17ರ ಲಖನೌ ಸಭೆಯಲ್ಲಿ ವಿಷಯ ಚರ್ಚೆಗೆ ಬಂದಾಗ ಇದಕ್ಕೆ ಕಾಲ ಪಕ್ವವಾಗಿಲ್ಲವೆಂದು ಮಂಡಳಿ ನಿರ್ಧರಿಸಿತು. ವಿರೋಧ ಪಕ್ಷದ ಸರ್ಕಾರಗಳಿಗೂ ಆಳುವ ಪಕ್ಷದ ಸರ್ಕಾರಗಳಿಗೂ ಒಮ್ಮತವಿರುವ ಅಪರೂಪದ ವಿಷಯಗಳಲ್ಲಿ ಇದೂ ಒಂದು. ಮದ್ಯ ಮತ್ತು ಇಂಧನವನ್ನು ಬಿಟ್ಟರೆ ರಾಜ್ಯಗಳು ಸ್ವಂತವಾಗಿ ದರ ನಿರ್ಧರಿಸಬಹುದಾದ ದೊಡ್ಡ ತೆರಿಗೆಗಳು ಉಳಿದಿರುವುದು ಕೆಲವೇ. ಕೈಯಲ್ಲಿರುವ ಕೊನೆಯ ಬೀಗದ ಕೈಯನ್ನು ಯಾವ ಮುಖ್ಯಮಂತ್ರಿಯೂ ಬಿಟ್ಟುಕೊಡುವುದಿಲ್ಲ.

ಆದ್ದರಿಂದ ಪೋಳೆಂನಲ್ಲಿಯೂ ತಲಪಾಡಿಯಲ್ಲಿಯೂ ಅಂತರ ಉಳಿಯಲಿದೆ. ನಾವು ಕೇಳಬಹುದಾದದ್ದು ಇನ್ನೂ ಸಣ್ಣದು, ಆದರೆ ಸಾಧ್ಯವಾದದ್ದು. ಪ್ರತಿ ಬಂಕಿಗೆ ತಿಂಗಳಿಗೆ ಎಷ್ಟು ಪೆಟ್ರೋಲು, ಎಷ್ಟು ಡೀಸೆಲ್ ಹೋಯಿತೆಂಬ ಲೆಕ್ಕ ತೈಲ ಕಂಪನಿಗಳ ಬಳಿ ಇದೆ; ಅದರ ಮೇಲೆ ತೆರಿಗೆ ಪಡೆಯುವ ವಾಣಿಜ್ಯ ತೆರಿಗೆ ಇಲಾಖೆಗೂ ಅದು ಸಿಗದ್ದೇನಲ್ಲ. ಕಾರವಾರ, ಅಂಕೋಲಾ, ಬಂಟ್ವಾಳ, ಮಂಗಳೂರು ತಾಲ್ಲೂಕುಗಳಲ್ಲಿ 2024ರ ಜೂನ್ ಮತ್ತು 2025ರ ಏಪ್ರಿಲ್ ಏರಿಕೆಗಳ ಹಿಂದಿನ ಹಾಗೂ ಮುಂದಿನ ಮಾರಾಟದ ಅಂಕಿ-ಅಂಶಗಳನ್ನು ಸರ್ಕಾರ ವಿಧಾನಮಂಡಲದ ಮುಂದಿಡಲಿ. ಉತ್ತರದಲ್ಲಿ ಎಷ್ಟು ಸೋರಿತು, ದಕ್ಷಿಣದಲ್ಲಿ ಎಷ್ಟು ಒಳಬಂತು, ಕೂಡಿ ಕಳೆದರೆ ಬೊಕ್ಕಸಕ್ಕೆ ಉಳಿದದ್ದೆಷ್ಟು ಎಂಬುದು ತಿಳಿಯುತ್ತದೆ. ಖಾಸಗಿ ಬಸ್ಸುಗಳನ್ನೇ ನಂಬಿದ ಎರಡು ಜಿಲ್ಲೆಗಳಿಂದ ಡೀಸೆಲ್ ತೆರಿಗೆಯಾಗಿ ಹೋದದ್ದೆಷ್ಟು, ಶಕ್ತಿ ಯೋಜನೆಯ ಮೂಲಕ ಅಲ್ಲಿಗೆ ಮರಳಿದ್ದೆಷ್ಟು ಎಂಬ ಲೆಕ್ಕವೂ ಅದರ ಜೊತೆಗೇ ಬರಲಿ. ಮುಂದಿನ ಸಲ ತೆರಿಗೆಯ ದರಕ್ಕೆ ಕೈಹಾಕುವ ಮುನ್ನ ಈ ಎರಡು ಕೋಷ್ಟಕಗಳು ಕರಾವಳಿಯ ಶಾಸಕರ ಮೇಜಿನ ಮೇಲಿರಬೇಕು.